ಮುಚ್ಚಳಗಳ ಶುಕ್ರವಾರ

ಮೊಟ್ಟೆಯ ಮೈಮೇಲೊಂದು ಅಂಕಿ ಇರುತ್ತದೆ ಅಂತ
ನನಗೆ ತಿಳಿದದ್ದು ಐವತ್ತೆರಡು ತುಂಬಿದ ಮೇಲೆ,
ಪೋಲೆಂಡಿನ ವೂಚ್ ನಗರದ ಈ ಇಟ್ಟಿಗೆ ವಠಾರದಲ್ಲಿ
ನಾಲ್ಕನೇ ಮಹಡಿಯಿಂದ ಲುದ್ವಿಕಾ ಇಳಿದು ಬಂದು
ನನ್ನ ಅಡುಗೆಮನೆಯ ಬುಟ್ಟಿಯಿಂದೊಂದನ್ನೆತ್ತಿ
ಬಲ್ಬಿಗೆ ಹಿಡಿದು ಓದಿದ ದಿನ:

'ಮೂರು, ಪಾನ್ ಹಿಯೆರೋನಿಮ್. ಮೂರು ಅಂದರೆ ಪಂಜರ,
ರೆಕ್ಕೆ ಬಿಚ್ಚಲೂ ಜಾಗವಿಲ್ಲದ್ದು.
ಎರಡಕ್ಕೆ ಸೂರುಂಟು, ಸೂರ್ಯನಿಲ್ಲ.
ಒಂದು ಅಂದರೆ ಮಣ್ಣು ಕೆದಕಿದ ಕೋಳಿ.
ಸೊನ್ನೆ ನಮ್ಮಂಥವರಿಗಲ್ಲ ಬಿಡಿ.'

ಅವಳು ಕೊಳ್ಳುವುದು ಒಂದು.
ವಾರಕ್ಕೆ ನಾಲ್ಕೇ.
ಅದೇ ದುಡ್ಡಿಗೆ ಮೂರಿನದು ಎಂಟು ಬರುತ್ತದೆ.

ಶಾಲೆಯ ಕೋಟುಕೋಣೆಯಲ್ಲಿ ಕೆಲಸ.
ನಾನೂರು ಮಕ್ಕಳ ಕೋಟು ಕಾಯುತ್ತಾಳೆ
ಬಿಲ್ಲೆ ಕೊಟ್ಟು, ಬಿಲ್ಲೆ ಇಸಕೊಂಡು,
ಕಿತ್ತುಹೋದ ಗುಂಡಿ ಕಂಡರೆ ಯಾರಿಗೂ ಹೇಳದೆ ಹೊಲಿದು.
ಸಂಬಳದ ದಿನ ಮೇಜಿನ ಮೇಲೆ ಲಕೋಟೆಗಳು:
ಬಾಡಿಗೆ, ಬಿಸಿನೀರು, ಹಲ್ಲಿನ ಡಾಕ್ಟರು,
ಕೊನೆಯದಕ್ಕೆ ಹೆಸರಿಲ್ಲ.
ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ನಿಜ.
ಅವಳು ಮಾತ್ರ ಮೊಣಕಾಲು ಮಡಚಿ
ಆ ತುದಿಯಲ್ಲೊಂದು ಗೇಣು ಬಿಟ್ಟು ಮಲಗುತ್ತಾಳೆ,
ಯಾರಾದರೂ ಬಂದರೆ ಇರಲಿ ಎಂದು.

ಔಷಧಿ ಅಂಗಡಿಯ ಮೂಲೆಯಲ್ಲಿ
ಎದೆಮಟ್ಟದ ಕಬ್ಬಿಣದ ಹೃದಯವೊಂದಿದೆ,
ಬರೀ ಸರಳಿನದು, ಕೆಂಪು ಬಣ್ಣ ಸುಲಿದದ್ದು.
ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತಂದು ಸುರಿಯುತ್ತಾರೆ ಜನ.
ತೂಕಕ್ಕೆ ಮಾರಿ ಬಂದ ಕಾಸು
ತಿಮೋನ್ ಎಂಬ ಹುಡುಗನ ಗಾಲಿಕುರ್ಚಿಗೆ.
ಒಂದು ಚಕ್ರಕ್ಕೆ ಎಷ್ಟು ಮುಚ್ಚಳ ಬೇಕು ಅಂತ
ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ.

ತೊಡಕು ಇಷ್ಟೇ: ಲುದ್ವಿಕಾ ಬಾಟಲಿ ಕೊಳ್ಳುವವಳಲ್ಲ.
ನಲ್ಲಿಯ ನೀರು, ಗಾಜಿನ ಹೂಜಿ.
ಸಮುದ್ರಕ್ಕೆ ಕಸ ಹೋಗಬಾರದೆಂಬ ಮಾತಿಗೆ
ಕಟ್ಟುಬಿದ್ದ ಕೈ
ಹೃದಯದ ಮುಂದೆ ಬರಿಗೈ.

ಅದಕ್ಕೇ ಶುಕ್ರವಾರ ಸಂಜೆ ನನ್ನ ಬಾಗಿಲು ತಟ್ಟುವುದು.
ನಾನು ಟ್ರಾಮ್ ಡಿಪೋದ ಮೆಕ್ಯಾನಿಕ್,
ಗುಳ್ಳೆಯೇಳುವ ಏನನ್ನಾದರೂ ಕುಡಿಯುವವನು.
ಈಗೀಗ ಮುಚ್ಚಳ ಬಾಟಲಿಗೇ ಅಂಟಿ ಬರುತ್ತದೆ,
ತಿರುಚಿ ಕಿತ್ತು ಡಬ್ಬಿಯಲ್ಲಿ ಇಡುತ್ತಿದ್ದೆ.
ನನ್ನ ಪಾಪ ಎಣಿಸಿಕೊಂಡು ಹೋಗಿ
ಅವಳು ಪುಣ್ಯದ ಪೆಟ್ಟಿಗೆಗೆ ಹಾಕುತ್ತಿದ್ದಳು.
ಇಬ್ಬರಿಗೂ ನಗು ಬರುತ್ತಿತ್ತು. ಒಮ್ಮೊಮ್ಮೆ ಬರುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಡಾಕ್ಟರು ನನ್ನ ಸಕ್ಕರೆ ನೋಡಿ ಹುಬ್ಬೇರಿಸಿದರು.
ನಲ್ಲಿ ತಿರುಗಿಸಿದೆ.
ಮೂರು ವಾರ. ಡಬ್ಬಿಯ ತಳದಲ್ಲಿ
ಹಳೆಯ ನೀಲಿ ಮುಚ್ಚಳ ಎರಡು.

ಆ ಶುಕ್ರವಾರ ಬಾಗಿಲಲ್ಲಿ ನಿಂತವಳಿಗೆ
ಹೇಗೆ ಹೇಳುವುದು,
ನಾನು ಸುಧಾರಿಸಿದ್ದೇನೆ, ಕ್ಷಮಿಸಿ, ಎಂದು?
ಕಿಸೆಯಿಂದ ಐದು ಝ್ವೋತಿಯ ನಾಣ್ಯ ತೆಗೆದು ಚಾಚಿದೆ.
ವರ್ಷವಿಡೀ ಕೂಡಿಟ್ಟ ಮುಚ್ಚಳಕ್ಕಿಂತ ಹೆಚ್ಚದು, ಇಬ್ಬರಿಗೂ ಗೊತ್ತು.
ಮೊದಲಿನಿಂದಲೂ ಹೀಗೇ ಕೊಡಬಹುದಿತ್ತು, ಅದೂ ಗೊತ್ತು.

'ಒಳಗೆ ಬರಲೇ?' ಎಂದಳು.

ಕೂತು, ನನ್ನ ನಲ್ಲಿಯ ನೀರು ಕುಡಿದು,
ಲೋಟದ ಅಂಚಿಗೆ ಹೇಳುವಂತೆ ಹೇಳಿದಳು:
'ಹೋದ ತಿಂಗಳು ನಾನು ಮೂರು ಕೊಂಡೆ.
ಮಿಕ್ಕಿದ್ದನ್ನು ಆ ಲಕೋಟೆಗೆ ಹಾಕಿದೆ.
ಹುಡುಗನಿಗೆ ಕೊಟ್ಟದ್ದೋ
ಕೋಳಿಯಿಂದ ಕಿತ್ತುಕೊಂಡದ್ದೋ,
ರಾತ್ರಿ ಎದ್ದು ಕೂತು ಯೋಚಿಸಿದೆ.
ಮೊಟ್ಟೆ ಮಾತ್ರ ರುಚಿಯಾಗಿಯೇ ಇತ್ತು, ಪಾನ್ ಹಿಯೆರೋನಿಮ್.
ಅದೇ ಕಷ್ಟ.'

ನನಗೆ ಉತ್ತರ ಹೊಳೆಯಲಿಲ್ಲ.
ಕೆಳಗೆ ಟ್ರಾಮು ತಿರುವಿನಲ್ಲಿ ಕಿರುಗುಟ್ಟಿತು,
ನಾನೇ ರಿಪೇರಿ ಮಾಡಿದ್ದು, ಸರಿಯಾಗಿಲ್ಲ.

ಹೋಗುವಾಗ ನಾಣ್ಯ ತೆಗೆದುಕೊಂಡಳು.
ಆ ಎರಡು ನೀಲಿ ಮುಚ್ಚಳವನ್ನೂ ಬಿಡಲಿಲ್ಲ.